ಶ್ರುತಿಗಳ ನಾಮಕರಣ: ಒಂದು ವಿಚಾರ

ಶ್ರುತಿ ಎಂಬ ಶಬ್ದವು ಕನ್ನಡದಲ್ಲಿ ಮೂರು ಅರ್ಥಗಳ ಹೊರೆಯನ್ನು ಹೊತ್ತು ನಡೆಯುತ್ತಿದೆ. ವೇದಕ್ಕೆ ಶ್ರುತಿಯೆಂಬ ಹೆಸರುಂಟು. ಹಾಡುವವನ ಬೆನ್ನ ಹಿಂದೆ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಎಡೆಬಿಡದೆ ನುಡಿಯುವ ಆಧಾರಸ್ವರವೂ ಶ್ರುತಿಯೇ. ‘ಶ್ರುತಿ ಸೇರಲಿಲ್ಲ’, ‘ಅಪಶ್ರುತಿ ನುಡಿಯಿತು’ ಎಂದು ಸಂಗೀತವನ್ನರಿಯದವರೂ ಸಂಸಾರದ ಮಾತಿನಲ್ಲಿ ಬಳಸುವುದು ಇದನ್ನೇ. ಮೂರನೆಯ ಅರ್ಥ ಶಾಸ್ತ್ರಗ್ರಂಥಗಳದು: ಸ್ವರಕ್ಕೂ ಸ್ವರಕ್ಕೂ ನಡುವೆ ಕಿವಿಯು ಗುರುತಿಸಬಲ್ಲ ಸೂಕ್ಷ್ಮವಾದ ಅಂತರ. ಈ ಲೇಖನದ ವಿಷಯ ಆ ಮೂರನೆಯದು. ಸಂಗೀತದ ಮಾತನ್ನು ಕನ್ನಡ ಪಂಡಿತನು ಆಡಹೊರಟಿರುವುದೇಕೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ನಾನು ಇಲ್ಲಿ ಹಾಡುವ ಸಾಹಸಕ್ಕೆ ಕೈಹಾಕಿಲ್ಲ. ವಸ್ತುವಿಗೆ ಹೆಸರಿಡುವುದು, ಧ್ವನಿಗೆ ಲಿಪಿಯನ್ನೊದಗಿಸುವುದು ವ್ಯಾಕರಣದ ಕೆಲಸ. ಆ ಕೆಲಸವು ನಮ್ಮ ಸಂಗೀತದಲ್ಲಿ ಅರ್ಧಕ್ಕೇ ನಿಂತಿದೆಯೆಂಬುದು ನನ್ನ ಅಭಿಪ್ರಾಯ. ಅದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ವಿದ್ಯಾಸಂಸ್ಥೆಗೆ ಕೈಯೆತ್ತಿ ಕೊಡುತ್ತ ಬಂದಿರುವ ದಾನಿಗಳ ಮುಂದಿಡಲು ಈ ಸಂಚಿಕೆಗಿಂತ ಒಳ್ಳೆಯ ಎಡೆ ಬೇರಿಲ್ಲ.

ಮೊದಲು ಲೆಕ್ಕದ ಮಾತು. ಬಿಗಿದ ತಂತಿಯ ಅರ್ಧವನ್ನು ಮಾತ್ರ ಮೀಟಿದರೆ ತಾರಷಡ್ಜವು ಹುಟ್ಟುತ್ತದೆ. ಮೂರರಲ್ಲಿ ಎರಡು ಪಾಲನ್ನು ಮೀಟಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲನ್ನು ಮೀಟಿದರೆ ಮಧ್ಯಮ, ಐದರಲ್ಲಿ ನಾಲ್ಕು ಪಾಲನ್ನು ಮೀಟಿದರೆ ಗಾಂಧಾರ. ಷಡ್ಜವು ಸೆಕೆಂಡಿಗೆ ೨೪೦ ಸಲ ಕಂಪಿಸುವುದೆಂದು ಇಟ್ಟುಕೊಂಡರೆ ಗಾಂಧಾರ ೩೦೦, ಮಧ್ಯಮ ೩೨೦, ಪಂಚಮ ೩೬೦. ಹೀಗೆ ಸಣ್ಣ ಪೂರ್ಣಾಂಕಗಳ ಪ್ರಮಾಣದಿಂದ ಹುಟ್ಟುವ ಸ್ವರಗಳನ್ನು ಸಹಜಸ್ವರಗಳೆಂದು ಕರೆಯೋಣ. ಇವುಗಳ ಸಹಜತೆ ಕವಿಸಮಯವಲ್ಲ. ಒಂದೇ ತಂತಿಯನ್ನು ಮೀಟಿದಾಗ ಅದು ಇಡಿಯಾಗಿಯೂ, ಎರಡು ಭಾಗವಾಗಿಯೂ, ಮೂರು, ನಾಲ್ಕು, ಐದು ಭಾಗಗಳಾಗಿಯೂ ಏಕಕಾಲದಲ್ಲಿ ಕಂಪಿಸುತ್ತದೆ. ಐದನೆಯ ಅಂಶದ ಧ್ವನಿಯೇ ಗಾಂಧಾರ. ಶ್ರುತಿ ಸೇರಿದ ತಂಬೂರಿಯ ಖರಜದ ತಂತಿಯಿಂದ ಯಾರೂ ಮೀಟದ ಗಾಂಧಾರವು ತಾನಾಗಿ ಕೇಳಿಬರುವುದನ್ನು ನಮ್ಮ ಗಾಯಕರೆಲ್ಲ ಬಲ್ಲರು. ಅದಕ್ಕೆ ಅವರಿಟ್ಟ ಹೆಸರು ಸ್ವಯಂಭು ಗಾಂಧಾರ. ತಂಬೂರಿಯ ಅಗಲವಾದ ಬಾಗಿದ ಕುದುರೆಯೂ ಅದರ ಮೇಲೆ ತಂತಿಯಡಿ ಸೇರಿಸುವ ನೂಲಿನೆಳೆಯೂ ಈ ಅಂಶಧ್ವನಿಗಳನ್ನು ಹೇಗೆ ಸಮೃದ್ಧಗೊಳಿಸುತ್ತವೆಂಬುದನ್ನು ಸರ್ ಸಿ. ವಿ. ರಾಮನ್ ಅವರು ೧೯೨೧ರಷ್ಟು ಹಿಂದೆಯೇ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ಇನ್ನು ಹಾರ್ಮೋನಿಯಂ, ಎಂದರೆ ನಮ್ಮ ಕಡೆಯವರ ಬಾಯಲ್ಲಿ ಪೇಟಿ. ಅದರಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆಗಳು. ಪ್ರತಿಯೊಂದು ಮನೆಯೂ ಹಿಂದಿನದಕ್ಕಿಂತ ಒಂದೇ ಗುಣಕದಿಂದ ಏರುತ್ತ ಹೋಗುತ್ತದೆ. ಯಾವ ಮನೆಯನ್ನು ಬೇಕಾದರೂ ಷಡ್ಜವಾಗಿಸಿಕೊಳ್ಳಬಹುದೆಂಬುದು ಇದರ ಲಾಭ. ತೆತ್ತ ಬೆಲೆಯೆಂದರೆ, ಷಡ್ಜವೊಂದನ್ನುಳಿದು ಯಾವ ಸ್ವರವೂ ಪೂರ್ತಿ ಸಹಜವಾಗಿ ಉಳಿಯುವುದಿಲ್ಲ. ಪಂಚಮದ ದೋಷ ಕಿವಿಗೆ ತೋರದಷ್ಟು ಸಣ್ಣದು. ಗಾಂಧಾರವು ಮಾತ್ರ ೩೦೦ರ ಬದಲು ೩೦೨.೪ ಆಗುತ್ತದೆ. ಎರಡು ಚಿಲ್ಲರೆಯ ವ್ಯತ್ಯಾಸವೆಂದು ತಳ್ಳಿಹಾಕುವವರು ಈ ಲೆಕ್ಕವನ್ನು ನೋಡಬೇಕು: ಷಡ್ಜದ ಐದನೆಯ ಅಂಶ ೧೨೦೦, ಪೇಟಿಯ ಗಾಂಧಾರದ ನಾಲ್ಕನೆಯ ಅಂಶ ೧೨೦೯.೫. ಇವೆರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಒಂಬತ್ತು ಹತ್ತು ಸಲ ಧ್ವನಿಯು ನಡುಗುತ್ತದೆ. ತಂಬೂರಿಯೊಡನೆ ಪೇಟಿಯ ಗಾಂಧಾರವನ್ನು ಒತ್ತಿಹಿಡಿದಾಗ ಕೇಳುವ ಆ ಕಲಕುವಿಕೆ ಇದೇ. ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಂ ವಾದ್ಯವನ್ನು ದೂರವಿರಿಸಿ ಮೂರು ದಶಕಗಳ ಕಾಲ ಆ ನಿಷೇಧವನ್ನು ಪಾಲಿಸಿದ್ದಕ್ಕೆ ಹೇಳಲಾದ ಕಾರಣಗಳಲ್ಲಿ ಇದೂ ಒಂದು. ಪೇಟಿಯನ್ನು ನಿಂದಿಸುವ ಬಯಕೆ ನನಗಿಲ್ಲ. ನಾಟಕ ಕಂಪನಿಗಳನ್ನೂ ಊರೂರ ಭಜನಾ ಮೇಳಗಳನ್ನೂ ಅದು ಸಾಕಿದೆ. ಆದರೆ ಮಕ್ಕಳ ಕಿವಿಗೆ ಅಳತೆಗೋಲಾಗುವ ಯೋಗ್ಯತೆ ಅದಕ್ಕಿಲ್ಲ. ಈಚೆಗೆ ಶಾಲೆಗಳ ಪ್ರಾರ್ಥನಾಮಂದಿರಗಳಿಗೆ ಬಂದು ಕುಳಿತಿರುವ ಎಲೆಕ್ಟ್ರಾನಿಕ್ ಕೀಬೋರ್ಡುಗಳನ್ನು ಕುರಿತೂ ಇದೇ ಮಾತು.

ಸಹಜಸ್ವರಗಳ ಲೋಕದಲ್ಲಿ ಒಂದೊಂದು ಸ್ವರಕ್ಕೂ ಹಲವು ಸ್ಥಾನಗಳುಂಟೆಂಬುದನ್ನು ಗಮನಿಸಬೇಕು. ಪಂಚಮದ ಪಂಚಮವನ್ನು ಹಿಡಿದು ಒಂದು ಸ್ಥಾಯಿ ಇಳಿದರೆ ೨೭೦ರ ರಿಷಭ. ಅಲ್ಲಿಂದ ಮತ್ತೆ ಪಂಚಮಕ್ಕೇರಿದರೆ ೪೦೫ರ ಧೈವತ. ಆದರೆ ಮಧ್ಯಮದ ತಂತಿಯ ಸ್ವಯಂಭು ಗಾಂಧಾರವನ್ನು ಹಿಡಿದರೆ ದೊರಕುವ ಧೈವತ ೪೦೦. ಒಂದೇ ಹೆಸರಿನ ಎರಡು ಸ್ವರಗಳ ನಡುವಣ ಈ ಅಂತರ ೮೧/೮೦. ಭರತನು ನಾಟ್ಯಶಾಸ್ತ್ರದಲ್ಲಿ ಎರಡು ವೀಣೆಗಳನ್ನು ಸಮವಾಗಿ ಶ್ರುತಿಮಾಡಿ, ಒಂದನ್ನು ಹಾಗೆಯೇ ಇರಿಸಿ ಇನ್ನೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಪ್ರಯೋಗವನ್ನು ಹೇಳಿದ್ದಾನಷ್ಟೆ. ಷಡ್ಜಗ್ರಾಮದ ಪಂಚಮಕ್ಕೂ ಮಧ್ಯಮಗ್ರಾಮದ ಪಂಚಮಕ್ಕೂ ಇರುವ ಅಂತರವನ್ನು ಅವನು ಪ್ರಮಾಣಶ್ರುತಿಯೆಂದು ಕರೆದ. ಆಧುನಿಕರು ಅದನ್ನು ೮೧/೮೦ ಎಂದೇ ಗುರುತಿಸುತ್ತಾರೆ.

ಆದರೆ ಭರತನು ತನ್ನ ಇಪ್ಪತ್ತೆರಡು ಶ್ರುತಿಗಳಿಗೆ ಬಿಡಿಬಿಡಿಯಾಗಿ ಹೆಸರಿಡಲಿಲ್ಲ. ನಾವೆಲ್ಲ ಪಾಠಪುಸ್ತಕದಲ್ಲಿ ಕಾಣುವ ಪಟ್ಟಿ ದೇವಗಿರಿಯ ಯಾದವರ ಆಶ್ರಯದಲ್ಲಿ ೧೩ನೆಯ ಶತಮಾನದಲ್ಲಿ ಬರೆದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿದೆ: ತೀವ್ರಾ, ಕುಮುದ್ವತೀ, ಮಂದಾ, ಛಂದೋವತೀ, ದಯಾವತೀ, ರಂಜನೀ, ರಕ್ತಿಕಾ, ರೌದ್ರೀ, ಕ್ರೋಧಾ, ವಜ್ರಿಕಾ, ಪ್ರಸಾರಿಣೀ, ಪ್ರೀತಿ, ಮಾರ್ಜನೀ, ಕ್ಷಿತಿ, ರಕ್ತಾ, ಸಂದೀಪನೀ, ಆಲಾಪಿನೀ, ಮದಂತೀ, ರೋಹಿಣೀ, ರಮ್ಯಾ, ಉಗ್ರಾ, ಕ್ಷೋಭಿಣೀ. ಕಿವಿಗೆ ಇಂಪಾದ ಪಟ್ಟಿ. ಇಪ್ಪತ್ತೆರಡು ಮಂದಿ ಸಖಿಯರ ಮೆರವಣಿಗೆಯಂತಿದೆ. ದೀಪ್ತಾ, ಆಯತಾ, ಕರುಣಾ, ಮೃದು, ಮಧ್ಯಾ ಎಂಬ ಐದು ಜಾತಿಗಳಲ್ಲಿ ಇವನ್ನು ಹಂಚಿರುವುದರಿಂದ ರಸದೃಷ್ಟಿಯೂ ಇವುಗಳ ಹಿಂದೆ ಉಂಟೆಂಬುದನ್ನು ಒಪ್ಪಬೇಕು. ಆದರೆ ಹೆಸರಿನಿಂದ ವಸ್ತುವಿನ ಲಕ್ಷಣವು ತಿಳಿಯಬೇಕೆಂಬ ಮಾತಿಗೆ ಬಂದರೆ ಈ ಪಟ್ಟಿ ನಮ್ಮ ಕೈಬಿಡುತ್ತದೆ. ರೌದ್ರಿಗೂ ಕ್ರೋಧೆಗೂ ಎಷ್ಟು ದೂರ? ಪ್ರೀತಿಯು ಯಾವ ತಂತಿಯ ಎಷ್ಟನೆಯ ಪಾಲು? ಹೆಸರು ಬಾಯಿಬಿಡುವುದಿಲ್ಲ.

ಬಾಯಿಬಿಡದಿದ್ದರೂ ಚಿಂತೆಯಿಲ್ಲ, ನಿಂತ ಕಡೆಯಾದರೂ ನಿಂತಿತೆ? ಅದೂ ಇಲ್ಲ. ಶಾರ್ಙ್ಗದೇವನ ಕ್ರಮದಲ್ಲಿ ಸ್ವರವು ತನ್ನ ಶ್ರುತಿಗಳಲ್ಲಿ ಕಡೆಯದರ ಮೇಲೆ ನೆಲೆಸುತ್ತದೆ. ಆದ್ದರಿಂದ ಷಡ್ಜದ ಸ್ಥಾನ ನಾಲ್ಕನೆಯ ಶ್ರುತಿಯಾದ ಛಂದೋವತೀ. ಪಂಡಿತ ಭಾತಖಂಡೆಯವರ ಕಾಲಕ್ಕೆ ಬಂದಾಗ ಸ್ವರವನ್ನು ಮೊದಲನೆಯ ಶ್ರುತಿಯ ಮೇಲಿಡುವ ಪದ್ಧತಿ ಬಂತು. ಷಡ್ಜವು ತೀವ್ರೆಯ ಮೇಲೆ ಬಂದು ಕುಳಿತಿತು. ಇಪ್ಪತ್ತೆರಡು ಹೆಸರುಗಳೂ ಒಟ್ಟಾಗಿ ಸರಿದವು. ಇಂದು ಒಬ್ಬ ವಿದ್ಯಾರ್ಥಿ ‘ಛಂದೋವತೀ’ ಎಂದರೆ ಅವನು ಓದಿದ ಪುಸ್ತಕ ಯಾವುದೆಂದು ಕೇಳಿದ ಮೇಲೆಯೇ ಉತ್ತರಕ್ಕೆ ಅಂಕ ಕೊಡಬೇಕಾಗುತ್ತದೆ. ಕರ್ಣಾಟಕ ಪದ್ಧತಿಯಲ್ಲಿಯೂ ಇಂಥ ಸರಿದಾಟ ನಡೆದಿದೆ. ರಾಮಾಮಾತ್ಯನೂ ವೆಂಕಟಮಖಿಯೂ ಪಂಚಶ್ರುತಿ ರಿಷಭವೆಂದು ಕರೆದುದನ್ನು ಈಗ ನಾವು ಚತುಃಶ್ರುತಿ ರಿಷಭವೆನ್ನುತ್ತೇವೆ. ವೀಣೆಯ ಮೆಟ್ಟು ಅದೇ. ಎಣಿಕೆಯಲ್ಲಿ ಒಂದು ಶ್ರುತಿ ಮಾಯವಾಗಿದೆ!

ಹಿಂದಿನವರು ಒಳ್ಳೆಯ ಹೆಸರನ್ನು ಇಟ್ಟೇ ಇಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ಅದೇ ರಾಮಾಮಾತ್ಯನು ೧೫೫೦ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದನು. ವೀಣೆಯ ಮೆಟ್ಟುಗಳನ್ನು ಸ್ವಯಂಭು ಸ್ವರಗಳ ಆಧಾರದಿಂದ ನಿಲ್ಲಿಸುವಾಗ ಅವನು ಬಳಸುವ ಹೆಸರುಗಳನ್ನು ನೋಡಿರಿ: ಚ್ಯುತಷಡ್ಜ ನಿಷಾದ, ಚ್ಯುತಮಧ್ಯಮ ಗಾಂಧಾರ, ಚ್ಯುತಪಂಚಮ ಮಧ್ಯಮ. ಚ್ಯುತವೆಂದರೆ ತನ್ನ ನೆಲೆಯಿಂದ ಜಾರಿದುದು. ಮಧ್ಯಮವು ತನ್ನ ನೆಲೆಯಿಂದ ಜಾರಿ ಗಾಂಧಾರವೆನಿಸಿಕೊಂಡಿತು ಎಂಬ ಇಡೀ ವೃತ್ತಾಂತವು ಒಂದು ಸಮಾಸದಲ್ಲಿ ಅಡಗಿದೆ. ಇದು ಹೆಸರು! ಸ್ವರದ ಊರು ಯಾವುದು, ಬಂದ ದಾರಿ ಯಾವುದು, ಈಗ ಮಾಡುವ ಉದ್ಯೋಗ ಯಾವುದು, ಎಲ್ಲವೂ ತಿಳಿಯುತ್ತದೆ. ವೆಂಕಟಮಖಿಯ ಜಾಣ್ಮೆ ಇನ್ನೊಂದು ಬಗೆಯದು. ಅವನು ರ ರಿ ರು, ಗ ಗಿ ಗು ಎಂದು ವ್ಯಂಜನವನ್ನು ಹಾಗೆಯೇ ಉಳಿಸಿ ಸ್ವರಾಕ್ಷರವನ್ನು ಬದಲಿಸಿ ಭೇದವನ್ನು ಸೂಚಿಸಿದ. ಲಿಪಿಯ ದೃಷ್ಟಿಯಿಂದ ಇದಕ್ಕಿಂತ ಸುಲಭವಾದುದಿಲ್ಲ. ಆದರೆ ಅವನ ಹದಿನಾರು ಹೆಸರುಗಳು ಹನ್ನೆರಡೇ ಸ್ಥಾನಗಳನ್ನು ಹಂಚಿಕೊಳ್ಳುತ್ತವೆ. ೪೦೦ರ ಧೈವತವನ್ನೂ ೪೦೫ರ ಧೈವತವನ್ನೂ ಬೇರ್ಪಡಿಸಲು ಅಲ್ಲಿ ಅಕ್ಷರವಿಲ್ಲ. ಇಂಥ ಶಾಸ್ತ್ರಚರ್ಚೆ ಸಂಸ್ಕೃತಕ್ಕೇ ಮೀಸಲೆಂದು ಭಾವಿಸುವವರು ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯನ್ನು ತೆರೆದು ನೋಡಬೇಕು. ಸಕಲ ಶಾಸ್ತ್ರಗಳ ಆ ಭಂಡಾರದಲ್ಲಿ ಸಂಗೀತಕ್ಕೂ ಸ್ಥಾನ ದೊರೆತಿದೆ, ಅದೂ ಕನ್ನಡ ಗದ್ಯದಲ್ಲಿ.

ಇಲ್ಲಿ ನನ್ನ ಸ್ವಕ್ಷೇತ್ರದ ನಿದರ್ಶನವೊಂದನ್ನು ತುಸು ವಿಸ್ತಾರವಾಗಿ ಹೇಳಲು ಅನುಮತಿ ಬೇಡುತ್ತೇನೆ. ಕೇಶಿರಾಜನು ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಕನ್ನಡದಲ್ಲಿ ಕಿವಿಗೆ ಹತ್ತಿರ ಹತ್ತಿರವಾಗಿ ಕೇಳುವ ಮೂರು ಳಕಾರಗಳನ್ನು ಎದುರಿಸಬೇಕಾಯಿತು. ಅವನು ಅವಕ್ಕೆ ರಳ, ಕುಳ, ಕ್ಷಳ ಎಂಬ ಮೂರು ಹೆಸರುಗಳನ್ನು ಬಳಸುತ್ತಾನೆ. ರಳವೆಂದರೆ ೞ; ಅದರ ಉಚ್ಚಾರಣೆಯೇ ಬೇರೆ. ಕುಳವೆಂದರೆ ದೇಶ್ಯಶಬ್ದಗಳ ಸಹಜವಾದ ಳ; ಕೇಳ್ ಎಂಬಲ್ಲಿರುವುದು. ಕ್ಷಳವು ಸಂಸ್ಕೃತದ ಲಕಾರವೇ ಮೊದಲಾದುವು ಕನ್ನಡಕ್ಕೆ ಬಂದು ಳಕಾರವಾದುದು. ಅಲಿ ಎಂಬುದು ಅಳಿಯಾದಂತೆ, ಗಲವು ಗಳವಾದಂತೆ. ಬಾಯಲ್ಲಿ ನುಡಿಯುವಾಗ ಕುಳಕ್ಕೂ ಕ್ಷಳಕ್ಕೂ ಭೇದವಿಲ್ಲ. ಭೇದವಿರುವುದು ಹುಟ್ಟಿನಲ್ಲಿ. ಧ್ವನಿ ಒಂದೇ ಆದರೂ ಬಂದ ದಾರಿ ಬೇರೆಯಾದ್ದರಿಂದ ವ್ಯಾಕರಣಕಾರನು ಹೆಸರನ್ನು ಬೇರೆ ಮಾಡಿದ. ೞಕಾರದ ಕಥೆಯಾದರೋ ದುಃಖದ್ದು. ಆ ಕಾಲಕ್ಕಾಗಲೇ ಜನರ ಬಾಯಲ್ಲಿ ಅದು ಳಕಾರದಲ್ಲಿ ಲೀನವಾಗುತ್ತಿತ್ತು. ಆದುದರಿಂದಲೇ ಕೇಶಿರಾಜನು ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟು ಹೋಗಿದ್ದಾನೆ. ಆ ಪಟ್ಟಿಯಿಲ್ಲದಿದ್ದರೆ ನಾಶವಾಗು ಎಂಬರ್ಥದ ಅೞಿಯನ್ನೂ ದುಂಬಿಯೆಂಬರ್ಥದ ಅಳಿಯನ್ನೂ ಬಿಡಿಸಿ ಓದುವುದು ನಮ್ಮಂಥವರಿಗೆ ಎಷ್ಟು ಕಷ್ಟವಾಗುತ್ತಿತ್ತು! ಧ್ವನಿಯನ್ನು ನಾವು ಕಳೆದುಕೊಂಡೆವು. ಅಕ್ಷರ ಉಳಿದಿದ್ದರಿಂದ ಅರ್ಥವಾದರೂ ಉಳಿಯಿತು. ಸಂಗೀತದಲ್ಲಿ ಇದರ ವಿಲೋಮ ನಡೆದಿದೆ. ಧ್ವನಿ ಇನ್ನೂ ತಂಬೂರಿಯಲ್ಲಿ ಜೀವಂತವಾಗಿದೆ. ಅದಕ್ಕೆ ಅಕ್ಷರವೇ ಇಲ್ಲ.

ಯಾವ ಧ್ವನಿಯೆಂದು ಕೇಳುವಿರಾ? ಅದಕ್ಕೂ ಮುಂಚೆ ದೇವಲ ಮತ್ತು ಕ್ಲೆಮೆಂಟ್ಸ್ ಎಂಬಿಬ್ಬರ ಪ್ರಯತ್ನವನ್ನು ನೆನೆಯುವುದು ನ್ಯಾಯ. ನಿವೃತ್ತ ಡೆಪ್ಯುಟಿ ಕಲೆಕ್ಟರರಾದ ಕೃಷ್ಣಾಜಿ ಬಲ್ಲಾಳ ದೇವಲರು ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಕಂಠದ ನೆರವಿನಿಂದ ಶ್ರುತಿಗಳನ್ನು ಅಳೆದು ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದ ಖಾನರು ಇವರೇ. ಆಂಗ್ಲ ಅಧಿಕಾರಿ ಕ್ಲೆಮೆಂಟ್ಸರು ೧೯೧೩ರಲ್ಲಿ ತಮ್ಮ ಪುಸ್ತಕವನ್ನು ಹೊರತಂದು, ಸಹಜಸ್ವರಗಳ ಶ್ರುತಿ ಹಾರ್ಮೋನಿಯಂ ಒಂದನ್ನು ಇಂಗ್ಲೆಂಡಿನಲ್ಲಿ ಮಾಡಿಸಿ ತಂದರು. ೧೯೧೬ರಲ್ಲಿ ಬರೋಡೆಯಲ್ಲಿ ಸೇರಿದ ಸಂಗೀತ ಪರಿಷತ್ತಿನಲ್ಲಿ ಅದರ ಬಗ್ಗೆ ಬಿಸಿಬಿಸಿಯಾದ ಚರ್ಚೆಯಾಯಿತು. ಇವರ ದಾರಿಯಲ್ಲಿ ನಡೆದವರು ಇಪ್ಪತ್ತೆರಡು ಹಳೆಯ ಹೆಸರುಗಳ ಎದುರಿಗೆ ಇಪ್ಪತ್ತೆರಡು ಭಿನ್ನರಾಶಿಗಳನ್ನು ಬರೆದು ಕೋಷ್ಟಕವನ್ನು ಪೂರ್ಣಗೊಳಿಸಿದರು. ಶ್ರಮವು ಶ್ಲಾಘ್ಯವೇ. ಆದರೆ ಆ ಭಿನ್ನರಾಶಿಗಳೆಲ್ಲ ೨, ೩, ೫ ಎಂಬ ಮೂರೇ ಸಂಖ್ಯೆಗಳ ಮಕ್ಕಳು. ತಂತಿ ಐದನೆಯ ಅಂಶಕ್ಕೆ ನಿಂತುಬಿಡುವುದಿಲ್ಲವಲ್ಲ!

ಏಳನೆಯ ಅಂಶವೇ ನಾನು ಹೇಳುವ ಧ್ವನಿ. ಖರಜದ ತಂತಿಯಲ್ಲಿ ಪಂಚಮ, ಗಾಂಧಾರಗಳ ನೆರಳಿನಲ್ಲಿ, ಕೋಮಲ ನಿಷಾದದಂತೆ ತೋರಿ ಅದಕ್ಕಿಂತ ತಗ್ಗಿನಲ್ಲಿ ಇದು ಕೇಳಿಬರುತ್ತದೆ. ೨೪೦ರ ಷಡ್ಜಕ್ಕೆ ಇದು ೪೨೦, ಎಂದರೆ ೭/೪. ಕೋಷ್ಟಕದಲ್ಲಿರುವ ಕೋಮಲ ನಿಷಾದಗಳು ಎರಡು: ಮಧ್ಯಮದ ಮಧ್ಯಮವಾದ ೧೬/೯, ಎಂದರೆ ೪೨೬.೭, ಹಾಗೂ ೯/೫, ಎಂದರೆ ೪೩೨. ಮೂರನೆಯದಕ್ಕೆ ಸಖಿಯರ ಮೆರವಣಿಗೆಯಲ್ಲಿ ಸ್ಥಳವಿಲ್ಲ. ಮಂದ್ರಪಂಚಮದ ತಂತಿಯ ಏಳನೆಯ ಅಂಶವನ್ನು ಲೆಕ್ಕಹಾಕಿದರೆ ೩೧೫ರ ಮಧ್ಯಮವು ಬರುತ್ತದೆ, ವಾಡಿಕೆಯ ೩೨೦ಕ್ಕಿಂತ ತಗ್ಗು. ಮಧ್ಯಮದ ಏಳನೆಯದು ೨೮೦ರ ಗಾಂಧಾರ. ಇವುಗಳನ್ನು ನಮ್ಮ ಗವಾಯಿಗಳು ರಾಗದಲ್ಲಿ ನಿಲುಗಡೆಯ ಸ್ವರಗಳಾಗಿ ಹಾಡುತ್ತಾರೆಂದು ನಾನು ವಾದಿಸುತ್ತಿಲ್ಲ. ತಂಬೂರಿ ನುಡಿಯುತ್ತದೆ, ಕಿವಿ ಕೇಳುತ್ತದೆ. ಕೇಳಿದುದನ್ನು ವಿದ್ಯಾರ್ಥಿಯು ಹೆಸರು ಹಿಡಿದು ಕರೆಯಲಾರ. ‘ಅತಿಕೋಮಲ’ ಎಂಬ ಪದವೊಂದಿದೆ ನಿಜ. ಅದು ‘ಬಹಳ’, ‘ತುಂಬ’ ಎಂಬಂಥ ಪದ. ಸಂತೆಯಲ್ಲಿ ‘ತುಸು ಜಾಸ್ತಿ ಹಾಕಪ್ಪ’ ಎಂದ ಹಾಗೆ.

ಅನ್ಯದೇಶೀಯರು ಈ ಇಕ್ಕಟ್ಟಿನಿಂದ ಪಾರಾಗಲು ಏನು ಮಾಡಿದರು? ಏಳರ ಅಂಶವನ್ನು ಅವರು ಬಹು ಹಿಂದೆಯೇ ಕಂಡಿದ್ದರು, ಕ್ರಿ. ಪೂ. ೪ನೆಯ ಶತಮಾನದ ಗ್ರೀಕ್ ಪಂಡಿತ ಆರ್ಕೈಟಸನ ಸ್ವರವಿಭಾಗದಲ್ಲಿ ೨೮/೨೭ ಎಂಬ ಪ್ರಮಾಣವುಂಟು. ಗ್ರೀಕರ ಹೆಸರುಗಳೂ ಬಹುಮಟ್ಟಿಗೆ ಕ್ರಿಯೆಯನ್ನು ಹೇಳುವಂಥವು: ೨೫೬/೨೪೩ ಎಂಬ ಅಂತರಕ್ಕೆ ಅವರಿಟ್ಟ ಲೀಮಾ ಎಂಬ ಹೆಸರಿಗೆ ಉಳಿಕೆಯೆಂದರ್ಥ, ಮಧ್ಯಮದಿಂದ ಎರಡು ಪೂರ್ಣಸ್ವರಗಳನ್ನು ಕಳೆದಾಗ ಉಳಿಯುವುದು. ೧೯ನೆಯ ಶತಮಾನದ ಇಂಗ್ಲೆಂಡಿನ ಎಲ್ಲಿಸ್ ಎಂಬ ವಿದ್ವಾಂಸನು ಸ್ಥಾಯಿಯನ್ನು ೧೨೦೦ ಸಮಭಾಗಗಳಾಗಿಸಿ ಒಂದೊಂದನ್ನೂ ಸೆಂಟ್ ಎಂದು ಕರೆದು ೧೮೮೫ರಲ್ಲಿ ಹಲವು ದೇಶಗಳ ಸ್ವರಶ್ರೇಣಿಗಳನ್ನು ಆ ಮಾನದಲ್ಲಿ ಅಳೆದು ತೋರಿಸಿದ. ಇಂದು ಕಿಸೆಯೊಳಗಿನ ಫೋನು ಸಹ ಗಾಯಕನ ಸ್ವರವನ್ನು ಸೆಂಟುಗಳಲ್ಲಿ ತೋರಿಸುತ್ತದೆ. ಅಳೆಯುವುದಕ್ಕೆ ಇದು ಉತ್ತಮ, ಹೆಸರಿಸುವುದಕ್ಕೆ ನಿಷ್ಪ್ರಯೋಜಕ. ೯೬೯ ಸೆಂಟು ಎಂದರೆ ಅದು ತಂತಿಯ ಏಳನೆಯ ಪಾಲಿನ ಮಗಳೆಂದು ಯಾರಿಗೆ ಹೊಳೆದೀತು? ಮನುಷ್ಯನನ್ನು ಅವನ ಎತ್ತರದಿಂದ ಕರೆದಂತೆ. ಅಮೆರಿಕದ ಹ್ಯಾರಿ ಪಾರ್ಚ್ (೧೯೦೧–೧೯೭೪) ಹೆಸರುಗಳ ಗೊಡವೆಯನ್ನೇ ಬಿಟ್ಟು, ಸ್ಥಾಯಿಗೆ ನಲವತ್ತಮೂರು ಸ್ವರಗಳನ್ನಿಟ್ಟುಕೊಂಡು, ಸ್ವರಗಳನ್ನು ಭಿನ್ನರಾಶಿಗಳಿಂದಲೇ ಕರೆದ. ಅವನ ಬಳಿ ಕಲಿತ ಬೆನ್ ಜಾನ್‌ಸ್ಟನ್ (೧೯೨೬–೨೦೧೯) ಪಾಶ್ಚಾತ್ಯರ ವಾಡಿಕೆಯ ಸ್ವರಲಿಪಿಯನ್ನು ಉಳಿಸಿಕೊಂಡು ೮೧/೮೦ರ ಏರಿಳಿತಕ್ಕೆ ಕೂಡು ಕಳೆ ಚಿಹ್ನೆಗಳನ್ನೂ ಏಳರ ಅಂಶಕ್ಕೆ ೭ ಎಂಬ ಅಂಕೆಯನ್ನೇ ಚಿಹ್ನೆಯಾಗಿಯೂ ಬಳಸಿದ. ಈ ಕೊನೆಯ ಉಪಾಯ ನನಗೆ ಬಹಳ ಹಿಡಿಸಿತು. ಅಂಕೆಯು ಅಲಂಕಾರವಲ್ಲ, ಅದೇ ಕುಲನಾಮ.

ನನ್ನ ಸೂಚನೆ ಇದು. ವ್ಯಾಕರಣದಲ್ಲಿ ಅಪತ್ಯಾರ್ಥದ ತದ್ಧಿತವುಂಟು. ದಶರಥನ ಮಗ ದಾಶರಥಿ. ರಾಗಗಳಿಗೆ ನಾವು ಜನಕ, ಜನ್ಯ ಎಂಬ ಪದಗಳನ್ನು ಬಳಸುತ್ತಿದ್ದೇವೆ. ಇದೇ ಕ್ರಮವನ್ನು ಸ್ವರಗಳಿಗೂ ತರಬೇಕು. ಷಡ್ಜದ ಐದನೆಯ ಅಂಶವಾದ ೩೦೦ರ ಗಾಂಧಾರವು ಷಡ್ಜಜ ಗಾಂಧಾರ. ಮಧ್ಯಮದ ಐದನೆಯ ಅಂಶವಾದ ೪೦೦ರ ಧೈವತವು ಮಧ್ಯಮಜ ಧೈವತ. ೪೫೦ರ ನಿಷಾದವು ಪಂಚಮಜ. ಕೋಮಲಸ್ವರಗಳಲ್ಲಿ ಸಂಬಂಧವು ತಿರುವುಮುರುವಾಗುತ್ತದೆ, ಅಲ್ಲಿಯೇ ಈ ಕ್ರಮದ ಸೊಗಸು. ೨೮೮ರ ಕೋಮಲ ಗಾಂಧಾರದ ತಂತಿಯನ್ನು ಮೀಟಿದರೆ ಅದರಿಂದ ಹುಟ್ಟುವ ಸ್ವಯಂಭು ಗಾಂಧಾರ ನಮ್ಮ ಪಂಚಮವೇ; ಆದ್ದರಿಂದ ಅದು ಪಂಚಮಜನಕ ಗಾಂಧಾರ. ೩೮೪ರ ಕೋಮಲ ಧೈವತವು ಷಡ್ಜಜನಕ. ೨೫೬ರ ಕೋಮಲ ರಿಷಭವು ಮಧ್ಯಮಜನಕ. ಮಗಳು ಯಾರು, ತಾಯಿ ಯಾರು ಎಂಬುದು ಹೆಸರಿನಲ್ಲೇ ಉಂಟು.

ಬರೆಯುವುದಕ್ಕೆ ಹೊಸ ಅಚ್ಚಿನ ಮೊಳೆ ಬೇಡ. ಜನ್ಯವಾದರೆ ಅಂಶದ ಅಂಕೆಯನ್ನು ಸ್ವರಾಕ್ಷರದ ನಂತರ ಬರೆಯುವುದು, ಜನಕವಾದರೆ ಅಕ್ಷರದ ಮೊದಲು. ೩೦೦ರ ಗಾಂಧಾರ ಗ೫. ಪಂಚಮ ಪರಂಪರೆಯಿಂದ ಬಂದ ೩೦೩.೭೫ರ ಗಾಂಧಾರ ಗ೩. ೨೮೮ರ ಕೋಮಲ ಗಾಂಧಾರ ೫ಗ. ಧೈವತಗಳು ಧ೫ ಮತ್ತು ಧ೩. ಕೋಮಲ ನಿಷಾದಗಳು ಮೂರೂ ಈಗ ಒಂದೇ ಸಾಲಿನಲ್ಲಿ ನಿಲ್ಲಬಲ್ಲವು: ನಿ೭, ೩ನಿ, ೫ನಿ, ಕ್ರಮವಾಗಿ ೪೨೦, ೪೨೬.೭, ೪೩೨. ೨೮೦ರ ಗಾಂಧಾರ ಗ೭, ೩೧೫ರ ಮಧ್ಯಮ ಮ೭. ಮುಂದೆ ಯಾರಾದರೂ ಹನ್ನೊಂದನೆಯ ಅಂಶವನ್ನು, ಎಂದರೆ ಮಧ್ಯಮಕ್ಕೂ ತೀವ್ರಮಧ್ಯಮಕ್ಕೂ ನಡುವಣ ೩೩೦ನ್ನು, ಹುಡುಕಿಕೊಂಡು ಬಂದರೆ ಅವರಿಗೂ ಮ೧೧ ಎಂಬ ಹೆಸರು ಸಿದ್ಧವಾಗಿದೆ. ಅಂಕೆಯಿಲ್ಲದ ಬರಿಯ ಅಕ್ಷರವು ಇಂದಿನಂತೆಯೇ ಸಾಮಾನ್ಯ ಸ್ವರವನ್ನು ಸೂಚಿಸುತ್ತ ಇರಲಿ. ಭೇದವನ್ನು ಹೇಳಬೇಕಾದೆಡೆ ಮಾತ್ರ ಅಂಕೆ ಬರಲಿ. ಕಟಪಯಾದಿ ಸಂಖ್ಯೆಯನ್ನು ಬಳಸಬಾರದೇಕೆ, ಮೇಳಕರ್ತಗಳಿಗೆ ಅದು ಒದಗಿದೆಯಲ್ಲ, ಎಂದು ನನ್ನಂಥ ಹಳಬರು ಕೇಳಿಯಾರು. ಅದರಲ್ಲಿ ಮೂರಕ್ಕೆ ಗಕಾರ, ಐದಕ್ಕೆ ಮಕಾರ. ‘ಗಮ’ ಎಂದು ಬರೆದರೆ ಅದು ಐದರ ಗಾಂಧಾರವೋ ಗಾಂಧಾರದ ಬಳಿಕ ಮಧ್ಯಮವೋ ತಿಳಿಯದೆ ಹುಡುಗರು ಕಕ್ಕಾಬಿಕ್ಕಿಯಾಗುತ್ತಾರೆ.

ಆಕ್ಷೇಪಗಳು ಬರದೆ ಇರವು. ಹಾಡುವ ಸ್ವರವು ಒಂದು ಬಿಂದುವಿನಲ್ಲಿ ನಿಲ್ಲುವುದೇ ಇಲ್ಲ, ದರಬಾರಿಯ ಗಾಂಧಾರವು ತೂಗಾಡುತ್ತಲೇ ಇರುತ್ತದೆ, ಅದಕ್ಕೆ ಅಂಕೆ ಹಚ್ಚುವುದು ಹರಿಯುವ ನೀರಿಗೆ ಮೊಳೆ ಹೊಡೆದಂತೆ ಎಂಬುದು ಮೊದಲನೆಯದು. ಈ ಆಕ್ಷೇಪಕ್ಕೆ ಬಲವುಂಟು. ಜೈರಾಜಭಾಯ್ ಮತ್ತು ಸ್ಟೋನ್ ಎಂಬ ಸಂಶೋಧಕರು ೧೯೬೩ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿಯೂ ಉತ್ತಮ ವಾದಕರ ಸ್ವರಗಳು ನಿಶ್ಚಿತ ಪ್ರಮಾಣಗಳಿಗೆ ಕಟ್ಟುಬಿದ್ದಿರಲಿಲ್ಲ. ಆದರೂ ತೂಗಾಟಕ್ಕೆ ಎರಡು ತುದಿಗಳಿರುತ್ತವೆ, ಆ ತುದಿಗಳಿಗೆ ಹೆಸರು ಬೇಡವೆ? ಕುಮಾರವ್ಯಾಸನ ಕಾವ್ಯವು ಅಚ್ಚಿನಲ್ಲಿ ದೊರೆಯುತ್ತದೆಂದು ಗಮಕಿಗೆ ಕೆಲಸ ತಪ್ಪಿಲ್ಲ. ಲಿಪಿಯು ಹಿಡಿಯಲಾರದುದನ್ನು ಅವನ ಕಂಠ ತುಂಬುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ಗುರುಮುಖದಿಂದ ಬರುವ ವಿದ್ಯೆಗೆ ಲಿಪಿಯ ಹಂಗೇಕೆ? ಹಾನಗಲ್ಲ ಕುಮಾರಸ್ವಾಮಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳೂ (೧೮೯೨–೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಗದಗಿನಲ್ಲಿ ನೂರಾರು ಅಂಧ ಬಾಲಕರಿಗೆ ನಾದವನ್ನು ಕಿವಿಯ ದಾರಿಯಿಂದಲೇ ದಾಟಿಸಿದರು. ಅಂಥ ಗುರು, ಅಂಥ ಸಹವಾಸ, ದಿನದ ಎಂಟು ಹತ್ತು ಗಂಟೆಗಳ ಸಾಧನೆ ಇರುವಲ್ಲಿ ಲಿಪಿ ಬೇಡವೇ ಬೇಡ. ನಮ್ಮ ಶಾಲೆಯಂಥಲ್ಲಿ ಸಂಗೀತಕ್ಕೆ ದೊರೆಯುವುದು ವಾರಕ್ಕೆ ಎರಡು ಅವಧಿ, ಅದರಲ್ಲೂ ಪರೀಕ್ಷೆ ಸಮೀಪಿಸಿದಾಗ ಗಣಿತದವರು ಒಂದನ್ನು ಎರವಲು ಪಡೆಯುತ್ತಾರೆ. ಉಳಿದ ಹೊತ್ತೆಲ್ಲ ಮಗುವಿನ ಕಿವಿಗೆ ಬೀಳುವುದು ಸಮಾನಾಂತರದ ವಾದ್ಯಗಳ ಸಿನಿಮಾ ಸಂಗೀತ. ಇಂಥ ಪರಿಸ್ಥಿತಿಯಲ್ಲಿ ೩೦೦ಕ್ಕೂ ೩೦೨.೪ಕ್ಕೂ ಭೇದವಿದೆಯೆಂಬ ಸಂಗತಿಯನ್ನು ಹೆಸರಿಟ್ಟು, ಬರೆದು, ನುಡಿಸಿ ತೋರಿಸದಿದ್ದರೆ ಅದು ೞಕಾರದ ಹಾದಿಯನ್ನೇ ಹಿಡಿಯುತ್ತದೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಸಂಗೀತದ ಕೊಠಡಿಗೆ ಏನಾದರೂ ಕೊಡಬೇಕೆಂದು ಮನಸ್ಸಾದಾಗ ಈಚೆಗೆ ಎಲ್ಲರ ಕಣ್ಣೂ ಕೀಬೋರ್ಡಿನ ಕಡೆಗೆ ಹೋಗುತ್ತಿದೆ. ಕೊಡುವವರ ಪ್ರೀತಿಗೆ ನಮಸ್ಕಾರ. ಆದರೂ ಕೇಳುತ್ತೇನೆ: ಅದೇ ಹಣದಲ್ಲಿ ಮಿರಜದ ಒಂದು ಒಳ್ಳೆಯ ತಂಬೂರಿಯನ್ನು ತರಿಸಿಕೊಡಿರಿ. ಎಲೆಕ್ಟ್ರಾನಿಕ್ ತಂಬೂರಿ ಇದೆಯಲ್ಲ ಎಂದರೆ, ಇರಲಿ, ನಿತ್ಯದ ಪ್ರಾರ್ಥನೆಗೆ ಅದು ಒದಗುತ್ತದೆ. ಆದರೆ ಬಿರಡೆಯನ್ನು ತಿರುವಿ, ಮಣಿಯನ್ನು ಸರಿಸಿ, ನೂಲಿನೆಳೆಯನ್ನು ಹೊಂದಿಸಿ, ಇದ್ದಕ್ಕಿದ್ದಂತೆ ಗಾಂಧಾರವು ತೆರೆದುಕೊಳ್ಳುವ ಕ್ಷಣವನ್ನು ಮಗು ತನ್ನ ಕೈಯಾರೆ ತಂದುಕೊಳ್ಳಬೇಕು. ಗುಂಡಿ ಒತ್ತಿದರೆ ಅದು ಬರುವುದಿಲ್ಲ.

ತಂಬೂರಿಯು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದೂಕಾಲು ಮೀಟರು ಉದ್ದದ ಹಲಗೆಯ ಪೆಟ್ಟಿಗೆ, ಎರಡು ತುದಿಗೆ ಎರಡು ಕುದುರೆಗಳು, ನಡುವೆ ಬಿಗಿದ ಒಂದು ಉಕ್ಕಿನ ತಂತಿ. ಕುದುರೆಗಳ ನಡುವಣ ದೂರವನ್ನು ಸರಿಯಾಗಿ ೧೦೦೮ ಮಿಲಿಮೀಟರ್ ಇಡಬೇಕು. ಈ ಸಂಖ್ಯೆಯು ೭, ೯, ೧೬ ಮೂರರಿಂದಲೂ ಶೇಷವಿಲ್ಲದೆ ಭಾಗಿಸಲ್ಪಡುತ್ತದೆ. ಸರಿಸಬಹುದಾದ ಮೂರನೆಯ ಸಣ್ಣ ಕುದುರೆಯೊಂದನ್ನು ಒಂದು ತುದಿಯಿಂದ ೬೭೨ ಮಿಲಿಮೀಟರಿಗೆ ನಿಲ್ಲಿಸಿ ಆ ಭಾಗವನ್ನು ಮೀಟಿದರೆ ಪಂಚಮ, ೭೫೬ಕ್ಕೆ ನಿಲ್ಲಿಸಿದರೆ ಮಧ್ಯಮ. ಅಲ್ಲಿಂದ ೫೭೬ಕ್ಕೆ ಬಂದರೆ ನಿ೭, ೫೬೭ಕ್ಕೆ ೩ನಿ, ೫೬೦ಕ್ಕೆ ೫ನಿ. ಒಂದಕ್ಕೂ ಮತ್ತೊಂದಕ್ಕೂ ಒಂಬತ್ತು ಮಿಲಿಮೀಟರ್, ಏಳು ಮಿಲಿಮೀಟರ್ ದೂರ. ಬೆರಳಿನ ಅಗಲಕ್ಕಿಂತ ಕಡಿಮೆ. ಹಲಗೆಯ ಮೇಲೆ ಈ ಗೆರೆಗಳನ್ನು ಎಳೆಯಲು ಎಂಟನೆಯ ತರಗತಿಯ ಅಂಕಗಣಿತ ಸಾಕು, ಖರ್ಚು ಬಡಗಿಯ ಒಂದು ದಿನದ ಕೂಲಿ ಮತ್ತು ಒಂದು ತಂತಿಯ ಬೆಲೆ. ವಿಜ್ಞಾನದ ಅಧ್ಯಾಪಕರೂ ಸಂಗೀತದ ಅಧ್ಯಾಪಕರೂ ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಟ್ಟಿಗೆ ಕುಳಿತರೆ ಗೆರೆಗಳ ಪಕ್ಕದಲ್ಲಿ ಅಕ್ಷರ ಬರೆಯುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.